ಸೊನ್ನೆ ಮೇಷ್ಟ್ರ ಸೀಸದ ಗೆರೆ

ಗುರುತಿನ ಚೀಟಿಯಲ್ಲಿ ಅವರಿಗೆ ಬೇರೆ ಹೆಸರಿತ್ತು. ಆದರೆ ಬಾಗಿಲ ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಆ ಕಟ್ಟಡದಲ್ಲಿ ಎಲ್ಲರಿಗೂ ಅವರು ಸೊನ್ನೆ ಮೇಷ್ಟ್ರು. ಹೊಸದಾಗಿ ಬಂದ ವಿದ್ಯಾರ್ಥಿ ಯಾರಾದರೂ ಎದುರಿಗೇ ಹಾಗೆ ಕರೆದು ನಾಲಿಗೆ ಕಚ್ಚಿಕೊಂಡರೆ ಅವರೇ ಸಮಾಧಾನ ಹೇಳುತ್ತಿದ್ದರು: "ಧಾರಾಳವಾಗಿ ಕರೀರಪ್ಪ. ಬಿ.ಎಸ್ಸಿ.ಯಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗೆ ಸೊನ್ನೆ ಅನ್ನದೆ ನೂರು ಅಂತೀರಾ?"

ಹೆಸರಿನ ನಿಜವಾದ ಕಾರಣ ಅದಲ್ಲವೆಂದು ಅವರಿಗೂ ಗೊತ್ತಿತ್ತು, ಕೇಳುವವರಿಗೂ ಗೊತ್ತಿತ್ತು. ಜಂಬ ಕೊಚ್ಚಿಕೊಳ್ಳಲು ತಮ್ಮನ್ನು ತಾವೇ ಬೈದುಕೊಳ್ಳುವುದು ಅವರ ಹಳೇ ಚಾಳಿ. ಅವರು ಕೆಲಸ ಮಾಡುತ್ತಿದ್ದುದು ಜ್ವಾಲಾಮುಖಿಯ ಕಲ್ಲುಗಳನ್ನು ಆಸಿಡ್ಡಿನಲ್ಲಿ ಕರಗಿಸಿ, ಅದರೊಳಗಿನ ಸೀಸವನ್ನು ಬೇರ್ಪಡಿಸಿ ಅಳೆಯುವ ಪ್ರಯೋಗಾಲಯದಲ್ಲಿ. ಕಲ್ಲಿನಲ್ಲಿರುವ ಸೀಸ ಎಷ್ಟು ಕಡಿಮೆಯೆಂದರೆ ಕಿಟಕಿಯ ಧೂಳು, ಗೋಡೆಯ ಬಣ್ಣ, ಅಂಗೈ ಬೆವರು, ಯಾವುದರ ಸೀಸ ಬೇಕಾದರೂ ಅದನ್ನು ನುಂಗಿ ನೀರು ಕುಡಿಯಬಹುದು. ಅದಕ್ಕೇ ಹತ್ತು ಡಬ್ಬಿಗಳಲ್ಲಿ ಕಲ್ಲಿನ ಪುಡಿ ಹಾಕಿದರೆ ಹನ್ನೊಂದನೆಯದರಲ್ಲಿ ಏನೂ ಹಾಕುವುದಿಲ್ಲ. ಆ ಖಾಲಿ ಡಬ್ಬಿಗೂ ಅದೇ ಆಸಿಡ್ಡು, ಅದೇ ಕಾವು, ಅದೇ ಉಪಚಾರ. ಕೊನೆಗೆ ಅದರಲ್ಲಿ ಸಿಕ್ಕಿದ ಸೀಸವೆಲ್ಲ ಪ್ರಯೋಗಾಲಯದ ಕೊಳೆ. ಸೊನ್ನೆಗೆ ಹತ್ತಿರವಿದ್ದಷ್ಟೂ ಪ್ರಯೋಗಾಲಯಕ್ಕೆ ಮರ್ಯಾದೆ. ಮೇಷ್ಟ್ರ ಖಾಲಿ ಡಬ್ಬಿಯಷ್ಟು ಶುದ್ಧವಾದ ಖಾಲಿ ಡಬ್ಬಿ ಸುತ್ತಮುತ್ತ ಯಾವ ಪ್ರಯೋಗಾಲಯದಲ್ಲೂ ಇರಲಿಲ್ಲ.

"ಏನೂ ಇಲ್ಲದ್ದನ್ನ ಏನೂ ಇಲ್ಲದ ಹಾಗೆ ಇಟ್ಕೊಳ್ಳೋದಕ್ಕೆ ನನ್ನನ್ನ ಮೂವತ್ತಮೂರು ವರ್ಷದಿಂದ ಸಾಕ್ತಾ ಇದ್ದಾರೆ" ಎನ್ನುತ್ತಿದ್ದರು.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಗಾಜಿನ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದವರು ಅವರು. ತೊಳೆಯುವುದರಲ್ಲಿ ಅವರ ಕೈ ಪಳಗಿದ್ದನ್ನು ನೋಡಿ ಕರಗಿಸುವುದಕ್ಕೆ ಬಿಟ್ಟರು. ಅದೂ ಕೈಹಿಡಿದ ಮೇಲೆ ತೂಗುವುದಕ್ಕೆ ಬಿಟ್ಟರು. ಆದರೂ ಅವರನ್ನು ಸಾಕಿ ಬೆಳೆಸಿದ ಅಕ್ಕನ ಮಟ್ಟಿಗೆ ಅವರು ಇವತ್ತಿಗೂ ಪಾತ್ರೆ ತೊಳೆಯುವವರೇ. ಅಕ್ಕ ಫೋನು ಮಾಡಿದಾಗಲೆಲ್ಲ ಒಂದೇ ಪ್ರಶ್ನೆ.

"ಏನೋ, ಇನ್ನೂ ಪಾತ್ರೆ ತೊಳೀತಾ ಇದ್ದೀಯಾ?"

"ಇಲ್ಲ ಅಕ್ಕ, ಕಲ್ಲಿನ ಹುಟ್ಟೂರು ಹುಡುಕ್ತಾ ಇದ್ದೀನಿ."

"ಕಲ್ಲಿಗೆ ಎಂಥ ಹುಟ್ಟೂರೋ?"

ಆಗ ಮೇಷ್ಟ್ರು ಬಿಡಿಸಿ ಹೇಳಬೇಕು. ಸೀಸ ಅಂದರೆ ಒಂದೇ ಥರ ಅಲ್ಲ ಅಕ್ಕ, ತೂಕ ಬೇರೆ ಬೇರೆ ಇರೋ ನಾಲ್ಕು ಜನ ಅಣ್ಣತಮ್ಮಂದಿರು. ಅದಕ್ಕೆ ಐಸೋಟೋಪು ಅಂತಾರೆ. ಒಬ್ಬ ಮಾತ್ರ ಭೂಮಿ ಹುಟ್ಟಿದಾಗ ಎಷ್ಟಿದ್ದನೋ ಇವತ್ತಿಗೂ ಅಷ್ಟೇ. ಮಿಕ್ಕ ಮೂವರು ಯುರೇನಿಯಂ, ಥೋರಿಯಂ ಸವೆದ ಹಾಗೆಲ್ಲ ಹೆಚ್ಚಾಗ್ತಾ ಹೋಗ್ತಾರೆ. ಭೂಮಿಯ ಚಿಪ್ಪಿನ ಕೆಳಗೆ ಮ್ಯಾಂಟಲ್ ಅಂತ ಸಾವಿರಾರು ಕಿಲೋಮೀಟರ್ ದಪ್ಪದ ಬಂಡೆಪದರ ಇದೆ. ಲಾವಾ ಕರಗಿ ಬರೋದು ಅಲ್ಲಿಂದ. ಅಲ್ಲಿ ಒಂದೊಂದು ಜಾಗದಲ್ಲಿ ಈ ನಾಲ್ಕು ಜನರ ಪಾಲು ಒಂದೊಂದು ಥರ. ಅದನ್ನ ಅಳೆದರೆ ಕಲ್ಲು ಯಾವ ಮನೆಯದು ಅಂತ ಗೊತ್ತಾಗುತ್ತೆ.

"ಅದಕ್ಕೆ ನೀನೇನು ಮಾಡ್ತೀಯ?" ಎಂದು ಅಕ್ಕ ಕೇಳುತ್ತಿದ್ದಳು.

"ಡಬ್ಬಿ ತೊಳೀತೀನಿ."

"ಅದನ್ನೇ ನಾನು ಕೇಳಿದ್ದು" ಎಂದು ಅಕ್ಕ ಫೋನು ಇಡುತ್ತಿದ್ದಳು.

ಹೀಗೆ ನೆಮ್ಮದಿಯಾಗಿದ್ದ ಮನುಷ್ಯನ ತಲೆ ಕೆಟ್ಟಿದ್ದು ಐವತ್ತೈದನೆಯ ವಯಸ್ಸಿನಲ್ಲಿ. ಪರವೂರಿನಿಂದ ಬಂದ ಅತಿಥಿಯೊಬ್ಬರು ಪ್ರಯೋಗಾಲಯದ ಮುಖ್ಯಸ್ಥೆಯಾದ ಮೇಡಂ ಜೊತೆ ಓಡಾಡುತ್ತ, ಮೂಲೆಯಲ್ಲಿ ಡಬ್ಬಿ ಒರೆಸುತ್ತಿದ್ದ ಮೇಷ್ಟ್ರನ್ನು ಕಂಡು ಕೈಮುಗಿದರು. "ನಿಮ್ಮ ತಂದೆಯವರೂ ಇಲ್ಲೇ ಕೆಲಸ ಮಾಡ್ತಾರಾ ಮೇಡಂ? ಈ ವಯಸ್ಸಲ್ಲೂ ಎಂಥ ಶ್ರದ್ಧೆ!" ಎಂದುಬಿಟ್ಟರು. ಮೇಡಂ ಆಗ ಫೋನಿನಲ್ಲಿದ್ದರು, ಅವರಿಗೆ ಕೇಳಿಸಲಿಲ್ಲ. ಮೇಷ್ಟ್ರಿಗೆ ಚೆನ್ನಾಗಿ ಕೇಳಿಸಿತು. ಮೇಡಂ ಅವರಿಗಿಂತ ಎರಡು ವರ್ಷ ದೊಡ್ಡವರು.

ಆ ಸಂಜೆಯೇ ಮೇಷ್ಟ್ರು ಕ್ಷೌರದಂಗಡಿಗೆ ಹೋಗಿ ಪಿಸುದನಿಯಲ್ಲಿ ವಿಚಾರಿಸಿದರು. ಒಂದೇ ದಿನಕ್ಕೆ ಕರ್ರಗಾಗುವ ಬಣ್ಣ ಬೇಡ, ಜನ ಆಡಿಕೊಳ್ಳುತ್ತಾರೆ. ಕ್ಷೌರಿಕ ಒಂದು ಸಣ್ಣ ಬಾಟಲಿ ಕೊಟ್ಟ. ನೀರಿನ ಹಾಗಿತ್ತು. ದಿನಾ ಬೆಳಿಗ್ಗೆ ನಾಲ್ಕು ಹನಿ ಹಚ್ಚಿ ಬಾಚಿಕೊಂಡರೆ ಎರಡು ವಾರದಲ್ಲಿ ಗೊತ್ತೇ ಆಗದ ಹಾಗೆ ಕಪ್ಪಾಗುತ್ತದಂತೆ. ಮೇಷ್ಟ್ರು ಮನೆಗೆ ಬಂದು ಮಾಡಿದ ಮೊದಲ ಕೆಲಸವೆಂದರೆ ಬಾಟಲಿಯನ್ನು ಬಿಸಿನೀರಿನಲ್ಲಿ ನೆನೆಸಿ ಅದರ ಚೀಟಿಯನ್ನು ನೀಟಾಗಿ ಕಿತ್ತು ಬಿಸಾಡಿದ್ದು. ಹೆಂಡತಿ ನೋಡಬಾರದಲ್ಲ! ಪ್ರಯೋಗಾಲಯಕ್ಕೆ ಬಂದ ಪ್ರತಿ ಆಸಿಡ್ ಬಾಟಲಿಯ ಚೀಟಿಯನ್ನು ಭೂತಗನ್ನಡಿ ಹಿಡಿದು ಓದುತ್ತಿದ್ದ ಮನುಷ್ಯ, ಇದನ್ನು ಮಾತ್ರ ಓದುವ ಮೊದಲೇ ಕಿತ್ತೆಸೆದರು.

ಮೂರನೆಯ ವಾರ ಹೆಂಡತಿ ಅವರ ತಲೆಯನ್ನೇ ನೋಡುತ್ತ, "ಏನ್ರೀ, ಇತ್ತೀಚೆಗೆ ಕೂದಲಿಗೆ ವಯಸ್ಸು ಹಿಂದಕ್ಕೆ ಹೋಗ್ತಾ ಇದೆಯಲ್ಲ" ಎಂದಳು. ಆಕೆ ಶಾಲೆಯಲ್ಲಿ ಗಣಿತದ ಟೀಚರು, ಮುಂದಕ್ಕೆ ಹೋಗಬೇಕಾದ್ದು ಹಿಂದಕ್ಕೆ ಹೋದರೆ ಆಕೆಯ ಕಣ್ಣು ತಪ್ಪುತ್ತಿರಲಿಲ್ಲ.

"ಒಳ್ಳೆ ನಿದ್ದೆ ಮಾಡ್ತಾ ಇದ್ದೀನಲ್ಲ, ಅದಕ್ಕೆ" ಎಂದರು ಮೇಷ್ಟ್ರು.

"ನಿದ್ದೆ ವಾಸನೆ ಬರ್ತಾ ಇದೆ" ಎಂದು ಆಕೆ ಪುಸ್ತಕ ತಿದ್ದಲು ಕೂತಳು.

ಆ ನೀರಿನಿಂದ ಕೂದಲು ಕಪ್ಪಾಯಿತು, ನೆತ್ತಿಗೆ ನವೆ ಹತ್ತಿತು. ಒಳಕೋಣೆಯಲ್ಲಿ ಟೋಪಿ, ಗೌನು, ಎರಡು ಜೊತೆ ಗ್ಲೌಸು ಇರುವುದರಿಂದ ಕೆರೆದುಕೊಳ್ಳುವ ಮಾತೇ ಇಲ್ಲ. ಆದರೆ ತೂಕದ ಕೋಣೆ ಹೊರಗಡೆಗಿತ್ತು. ಅಲ್ಲಿನ ಒಣ ಗಾಳಿಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ವಿದ್ಯುತ್ತು ಸೇರಿಕೊಂಡು ಕಲ್ಲಿನ ಪುಡಿ ಚಮಚೆಯಿಂದ ಹಾರಿ ಅಂಚಿಗೆ ಅಂಟಿಕೊಳ್ಳುತ್ತಿತ್ತು. ಹಾಗೆ ಹಾರಿದಾಗಲೆಲ್ಲ ಮೇಷ್ಟ್ರು "ಥತ್" ಎಂದು, ಟೋಪಿಯನ್ನು ಒಂದು ಬೆರಳಲ್ಲಿ ಎತ್ತಿ, ಇನ್ನೊಂದು ಬೆರಳಲ್ಲಿ ಪರಪರ ಕೆರೆದುಕೊಂಡು, ಅದೇ ಬೆರಳಲ್ಲಿ ಡಬ್ಬಿ ತಟ್ಟಿ ಪುಡಿ ಕೆಳಗಿಳಿಸುತ್ತಿದ್ದರು. ಕೆರೆದುಕೊಂಡದ್ದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಟೋಪಿ ಮುಟ್ಟಿದರೆ ಗ್ಲೌಸು ಬದಲಿಸಬೇಕೆಂದು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದವರು ಅವರೇ.

ಆ ವರ್ಷ ಮೇಡಂ ಕೈಕೆಳಗೆ ಒಬ್ಬ ಸಂಶೋಧಕಿ ಇದ್ದಳು. ದೂರದ ಜ್ವಾಲಾಮುಖಿಯೊಂದರ ಮೈಯೆಲ್ಲ ಅಲೆದು ಇಪ್ಪತ್ತೆರಡು ಲಾವಾ ಕಲ್ಲು ಹೊತ್ತು ತಂದಿದ್ದವಳು. ಕಲ್ಲು ಕುಟ್ಟಿ ಪುಡಿ ಮಾಡುವುದು ಅವಳ ಪಾಲಿಗೆ, ತೂಗಿ ಕರಗಿಸುವುದು ಮೇಷ್ಟ್ರ ಪಾಲಿಗೆ, ದೊಡ್ಡ ಯಂತ್ರದಲ್ಲಿ ಅಳೆಯುವುದು ಮತ್ತೆ ಅವಳಿಗೆ. ಒಂದೂವರೆ ವರ್ಷ ಹೀಗೆ ನಡೆದ ಮೇಲೆ ಅವಳು ಎಲ್ಲ ಕಲ್ಲುಗಳ ಸೀಸವನ್ನು ನಕ್ಷೆಯಲ್ಲಿ ಗುರುತು ಮಾಡಿದಳು. ಇಪ್ಪತ್ತೆರಡು ಚುಕ್ಕೆಗಳೂ ದಾರ ಎಳೆದ ಹಾಗೆ ಒಂದೇ ಗೆರೆಯಲ್ಲಿ ಕೂತವು.

ಅಂಥ ಗೆರೆ ಎಲ್ಲರ ಕೈಗೂ ಸಿಕ್ಕುವುದಿಲ್ಲ. ಎರಡು ಬೇರೆ ಮೂಲದ ಸೀಸ ಹೆಚ್ಚು ಕಡಿಮೆ ಪ್ರಮಾಣದಲ್ಲಿ ಬೆರೆತರೆ ಮಾತ್ರ ಹಾಗೆ ಗೆರೆ ಬರುತ್ತದೆ. ಗೆರೆಯ ಒಂದು ತುದಿ ಎಲ್ಲರಿಗೂ ಗೊತ್ತಿದ್ದ ಸಾಮಾನ್ಯ ಮ್ಯಾಂಟಲ್ ಕಡೆಗಿತ್ತು. ಇನ್ನೊಂದು ತುದಿ ಯಾರೂ ಕಂಡಿರದ ಜಾಗದ ಕಡೆಗೆ ಹೋಗುತ್ತಿತ್ತು. ವಿಚಿತ್ರವೆಂದರೆ ಅದೇ ಕಲ್ಲುಗಳಲ್ಲಿದ್ದ ಸ್ಟ್ರಾನ್ಷಿಯಂ ಎಂಬ ಇನ್ನೊಂದು ಧಾತುವನ್ನು ಅಳೆದರೆ ಎಲ್ಲ ಒಂದೇ ಥರ ಇತ್ತು, ಗೆರೆಯ ಸುಳಿವೇ ಇರಲಿಲ್ಲ. ಮೇಡಂ ಮೂರು ದಿನ ಯೋಚಿಸಿ ಉತ್ತರ ಕಂಡುಕೊಂಡರು: ಮ್ಯಾಂಟಲಿನ ಆಳದಲ್ಲೆಲ್ಲೋ ಸೀಸ ತುಂಬಿರುವ, ಸ್ಟ್ರಾನ್ಷಿಯಂ ಇಲ್ಲವೇ ಇಲ್ಲದ ಹೊಸ ಮೂಲವೊಂದು ಇದೆ. ಎಂಟು ವರ್ಷದ ಹಿಂದೆ ಇನ್ನೊಂದು ಊರಿನ ದೊಡ್ಡ ಪ್ರೊಫೆಸರೊಬ್ಬರು ಬೇರೆ ಜ್ವಾಲಾಮುಖಿಯಲ್ಲಿ ಇಂಥದೇ ಗೆರೆ ಕಂಡು ಹೆಸರು ಮಾಡಿದ್ದರು. ಇದು ಎರಡನೆಯದು.

ಮೇಡಂ ಲೇಖನ ಬರೆದರು. ಬರೆದು ಮೇಷ್ಟ್ರನ್ನು ಕೋಣೆಗೆ ಕರೆದರು.

"ನೋಡ್ರೀ, ಇಷ್ಟು ಕಡಿಮೆ ಸೀಸದ ಕಲ್ಲಲ್ಲಿ ಇಂಥ ಗೆರೆ ಬರಬೇಕು ಅಂದ್ರೆ ಅದು ನಿಮ್ಮ ಕೈಗುಣ. ಇಷ್ಟು ವರ್ಷ ಕೊನೇ ಪುಟದಲ್ಲಿ ವಂದನೆ ಹೇಳಿ ಮುಗಿಸ್ತಾ ಇದ್ವಿ. ಈ ಸಲ ಲೇಖಕರಲ್ಲಿ ನಿಮ್ಮ ಹೆಸರೂ ಇರುತ್ತೆ. ಅವಳದು, ನನ್ನದು, ನಿಮ್ಮದು."

ಮೇಷ್ಟ್ರು, "ನನ್ನ ಹೆಸರಿನ ಸ್ಪೆಲ್ಲಿಂಗು ನಿಮಗೆ ಗೊತ್ತಾ ಮೇಡಂ?" ಎಂದು ಕೇಳಿಬಿಟ್ಟರು. ಗೊತ್ತಿರಲಿಲ್ಲ. ಅವರೇ ಚೀಟಿಯಲ್ಲಿ ಬರೆದುಕೊಟ್ಟರು.

ಅದಾದ ತಿಂಗಳಿಗೆ ಮೇಷ್ಟ್ರು ಬೆನ್ನು ಹಿಡಿದುಕೊಂಡು ಒಂದು ವಾರ ರಜೆ ಹಾಕಿದರು. ಸಂಶೋಧಕಿ ಸುಮ್ಮನೆ ಕೂರಲಾರದೆ, ಮೊದಲು ಅಳೆದಿದ್ದ ಕಲ್ಲುಗಳಲ್ಲಿ ಮೂರನ್ನು ತಾನೇ ತೂಗಿ ಕರಗಿಸಿ ಇನ್ನೊಮ್ಮೆ ಅಳೆದಳು. ಮೂರೂ ಗೆರೆ ಬಿಟ್ಟು ಸಾಮಾನ್ಯ ಮ್ಯಾಂಟಲಿನ ಕಡೆ ಹೋಗಿ ಒಟ್ಟಿಗೆ ಕೂತವು. ಮೇಷ್ಟ್ರು ವಾಪಸು ಬಂದ ದಿನವೇ ಮೇಡಂ ಕೋಣೆಯಲ್ಲಿ ಪಂಚಾಯಿತಿ ನಡೆಯಿತು.

"ಇಬ್ಬರ ಕೈಯಲ್ಲಿ ಎರಡು ಥರ ಬಂದರೆ ನಾನು ಯಾರನ್ನ ನಂಬಲಿ? ಮೂವತ್ತಮೂರು ವರ್ಷದ ಕೈಯನ್ನೋ, ಮೂರು ವರ್ಷದ ಕೈಯನ್ನೋ?" ಎಂದರು ಮೇಡಂ. "ನೀವೇ ಹೇಳಿ ಮೇಷ್ಟ್ರೇ."

ಹುಡುಗಿ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ತೂಗೋದು ಎಲ್ಲರಿಗೂ ಒಂದೇ ಸಲಕ್ಕೆ ಬರಲ್ಲ ಮೇಡಂ. ಅಭ್ಯಾಸ ಆಗ್ಬೇಕು" ಎಂದರು. ಎಷ್ಟು ದೊಡ್ಡಸ್ತಿಕೆಯಿಂದ ಹೇಳಿದರೆಂದರೆ ಆಮೇಲೆ ನೆನೆಸಿಕೊಂಡಾಗಲೆಲ್ಲ ಅವರಿಗೆ ತಮ್ಮ ಕಪಾಳಕ್ಕೆ ತಾವೇ ಬಾರಿಸಿಕೊಳ್ಳಬೇಕೆನಿಸುತ್ತಿತ್ತು. ಹುಡುಗಿ ಆ ಮೂರು ಲೆಕ್ಕದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಳು. ಆವತ್ತಿನಿಂದ ಮೇಷ್ಟ್ರ ಹತ್ತಿರ ಕೆಲಸಕ್ಕೆಷ್ಟೋ ಅಷ್ಟೇ ಮಾತು.

ಒಂದು ಶುಕ್ರವಾರ ಲೇಖನದ ಅಚ್ಚುಕರಡು ಬಂತು. ಮೂರನೆಯ ಜಾಗದಲ್ಲಿ, ಒಂದು ಅಕ್ಷರವೂ ತಪ್ಪದೆ, ಅಪ್ಪ ಅಮ್ಮ ಇಟ್ಟ ಹೆಸರು. ಮೇಷ್ಟ್ರು ಅದರ ಪ್ರತಿಯನ್ನು ಮನೆಗೆ ಒಯ್ದು ಹೆಂಡತಿಗೆ ತೋರಿಸಿದರು. ಆಕೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಬೀರುವಿನಿಂದ ಒಳ್ಳೆಯ ಫೈಲೊಂದನ್ನು ತಂದು ಅದರಲ್ಲಿಟ್ಟಳು. ಅಕ್ಕನಿಗೆ ಫೋನಿನಲ್ಲೇ ಓದಿ ಹೇಳಿದ್ದಾಯಿತು. "ಹಾಗಾದ್ರೆ ನೀನು ತೊಳೆಯೋದಷ್ಟೇ ಅಲ್ಲ ಅನ್ನು" ಎಂದು ಅಕ್ಕ ಅತ್ತಳು. ಮೇಷ್ಟ್ರೂ ಅತ್ತರು.

ಮಾರನೆಯ ದಿನ ಮಧ್ಯಾಹ್ನ ಅವರು ಕ್ಷೌರದಂಗಡಿಗೆ ಹೋದರು. ಬಾಟಲಿ ಮುಗಿಯುತ್ತ ಬಂದಿತ್ತು.

ಕ್ಷೌರಿಕ ಹೊಸ ಬಾಟಲಿ ಕೊಡುತ್ತ, "ಈಗ ಚೀಟಿ ಬದಲಾಯಿಸಿದ್ದಾರೆ ಸಾರ್. ಗಾಯ ಇದ್ದ ಕಡೆ ಹಚ್ಚಬೇಡಿ, ಹಚ್ಚಿದ ಮೇಲೆ ಕೈ ತೊಳೀರಿ ಅಂತ ದೊಡ್ಡದಾಗಿ ಹಾಕಿದ್ದಾರೆ" ಎಂದ.

"ಯಾಕಂತೆ?" ಎಂದರು ಮೇಷ್ಟ್ರು. ಕನ್ನಡಕ ಮನೆಯಲ್ಲೇ ಬಿಟ್ಟಿದ್ದರು, ಕನ್ನಡಕ ಹಾಕಿಕೊಂಡು ಬಣ್ಣ ಕೊಳ್ಳಲು ಹೋದರೆ ಮುದುಕನ ಹಾಗೆ ಕಾಣುತ್ತದೆಂದು.

ಕ್ಷೌರಿಕ ಬಾಟಲಿಯನ್ನು ಬೆಳಕಿಗೆ ಹಿಡಿದು ಅಕ್ಷರ ಕೂಡಿಸಿಕೊಂಡು ಓದಿದ. "ಲೆಡ್... ಅಸಿಟೇಟ್... ಅಂತಿದೆ. ಹಂಗಂದ್ರೇನು ಸಾರ್?"

ಲೆಡ್ ಎಂದರೆ ಸೀಸ. ಮೇಷ್ಟ್ರು ಕುರ್ಚಿ ಹಿಡಿದುಕೊಂಡು ಕೂತರು. ಎದುರಿನ ಕನ್ನಡಿಯಲ್ಲಿ ಕರ್ರಗಿನ ಕೂದಲಿನ, ಸುಣ್ಣದಂಥ ಮುಖದ ಒಬ್ಬ ಮನುಷ್ಯ ಕೂತಿದ್ದ. ಅವನ ಬಲಗೈಯ ಬೆರಳು ನೆತ್ತಿಯನ್ನು ಪರಪರ ಕೆರೆಯುತ್ತಿತ್ತು. ಆ ಬೆರಳು ಮೇಲೆ ಹೋದದ್ದು ಯಾವಾಗ ಎಂದು ಅವರಿಗೇ ತಿಳಿದಿರಲಿಲ್ಲ.

ದಾರಿಯುದ್ದಕ್ಕೂ ಅವರು ತಮ್ಮ ಜೊತೆ ತಾವೇ ವಾದ ಮಾಡಿಕೊಂಡು ಬಂದರು. ಹಾಗೇನಾದರೂ ಆಗಿದ್ದರೆ ಖಾಲಿ ಡಬ್ಬಿ ಹೇಳುತ್ತಿರಲಿಲ್ಲವೇ? ಖಾಲಿ ಡಬ್ಬಿ ಶುದ್ಧವಾಗಿದೆಯಲ್ಲ! ಮನೆಯ ಮೆಟ್ಟಿಲ ಹತ್ತಿರ ಬಂದಾಗ ಉತ್ತರ ತಾನಾಗಿ ಬಂತು. ಖಾಲಿ ಡಬ್ಬಿಗೆ ಪುಡಿ ತೂಗುವುದಿಲ್ಲ. ಅದು ತೂಕದ ಕೋಣೆಗೇ ಬರುವುದಿಲ್ಲ. ಪುಡಿ ಹಾರುವುದಿಲ್ಲ, "ಥತ್" ಎನ್ನುವುದಿಲ್ಲ, ತಲೆ ಕೆರೆಯುವುದಿಲ್ಲ. ಮೂವತ್ತಮೂರು ವರ್ಷ ಪೂಜೆ ಮಾಡಿದ ಸೊನ್ನೆಯೇ ಅವರಿಗೆ ನಾಮ ಹಾಕಿತ್ತು.

ಭಾನುವಾರವೆಲ್ಲ ಅವರು ಫೈಲು ಮುಂದಿಟ್ಟುಕೊಂಡು ಕೂತರು. ಯಾರಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ. ಬಾಟಲಿ ಎಸೆದು, ತಲೆ ತೊಳೆದು, ಬಾಯಿ ಮುಚ್ಚಿಕೊಂಡಿದ್ದರೆ ಹೆಸರು ಅಚ್ಚಾಗುತ್ತದೆ. ಇನ್ನು ಮೂರು ವರ್ಷಕ್ಕೆ ನಿವೃತ್ತಿ. ಒಂದೇ ಒಂದು ಸಲ ಹೆಸರು ಅಚ್ಚಾಗಲಿ ಎಂದು ಆಸೆಪಟ್ಟರೆ ಅದೇನು ಮಹಾಪರಾಧವೇ? ಹೀಗೆಲ್ಲ ಅಂದುಕೊಂಡರು. ಅಂದುಕೊಂಡಾಗಲೆಲ್ಲ ಕೆಂಪು ಶಾಯಿಯ ಅಡ್ಡಗೆರೆ ಕಣ್ಣಮುಂದೆ ಬಂತು. ಸರಿಯಾಗಿ ತೂಗಿದ್ದವಳಿಗೆ ತೂಗಲು ಬರುವುದಿಲ್ಲವೆಂದು ಬುದ್ಧಿ ಹೇಳಿದ ಮಹಾನುಭಾವ ತಾನು. ನಾಚಿಕೆಯಿಂದ ಊಟ ಸೇರಲಿಲ್ಲ.

ಸೋಮವಾರ ಬೆಳಿಗ್ಗೆ ಅವರು ತಲೆಯಿಂದ ನಾಲ್ಕು ಕೂದಲು ಕಿತ್ತು, ಆಸಿಡ್ಡಿನಲ್ಲಿ ಕರಗಿಸಿ, ಸೀಸ ಬೇರ್ಪಡಿಸಿ, ಡಬ್ಬಿಯ ಮೇಲೆ 'ಗೊತ್ತಿಲ್ಲ' ಎಂದು ಬರೆದರು. ನಾಲ್ಕು ಕೂದಲಿನಲ್ಲಿ ನಾಲ್ಕು ಬಂಡೆಗಾಗುವಷ್ಟು ಸೀಸ. ಅದನ್ನು ಎಷ್ಟೋ ಪಾಲು ತೆಳುಮಾಡಿ ಬುಧವಾರ ಯಂತ್ರದ ಕೋಣೆಗೆ ಒಯ್ದು ಕೊಟ್ಟರು. "ಇದೊಂದನ್ನ ಅಳೆದುಕೊಡು ತಾಯಿ" ಎಂದಷ್ಟೇ ಹೇಳಿದರು. ಹುಡುಗಿ ಏನೂ ಕೇಳದೆ ಇಸಿದುಕೊಂಡಳು.

ಮಧ್ಯಾಹ್ನ ಅವಳು ಓಡಿಕೊಂಡು ಬಂದಳು. ತಿಂಗಳುಗಟ್ಟಲೆ ಸರಿಯಾಗಿ ಮಾತನಾಡದ ಹುಡುಗಿ ಅವರ ತೋಳು ಹಿಡಿದು ಎಳೆದುಕೊಂಡು ಹೋಗಿ ಪರದೆಯ ಮುಂದೆ ನಿಲ್ಲಿಸಿದಳು.

"ಸಾರ್, ನೋಡಿ! ಗೆರೆಯ ಆ ತುದಿ! ಸರಿಯಾಗಿ ಅಲ್ಲೇ ಕೂತಿದೆ. ನಾವು ಹುಡುಕ್ತಾ ಇದ್ವಲ್ಲ, ಆ ಮೂಲ ಇದೇ ಸಾರ್, ಏನೂ ಬೆರಕೆ ಇಲ್ಲದ್ದು! ಎಲ್ಲಿಯ ಕಲ್ಲು ಇದು? ಎಷ್ಟು ಆಳದ್ದು?"

ಅವಳ ಕಣ್ಣಲ್ಲಿ ನೀರು ಬಂದಿತ್ತು, ಸಂತೋಷಕ್ಕೆ. ಮೇಷ್ಟ್ರಿಗೆ ಅಲ್ಲೇ ನೆಲ ಬಿರಿದು ನುಂಗಬಾರದೇ ಎನಿಸಿತು. ಟೋಪಿ ತೆಗೆದು ತಲೆ ಬಗ್ಗಿಸಿದರು.

"ಆಳ ಏನಿಲ್ಲ ಮಗು. ಇಲ್ಲೇ ಮೇಲೆ."

ಅವಳಿಗೆ ಅರ್ಥವಾಗಲಿಲ್ಲ. ಕ್ಷೌರಿಕ ಕೊಟ್ಟ ಹೊಸ ಬಾಟಲಿ ಜೇಬಿನಲ್ಲಿತ್ತು, ತೆಗೆದು ಮೇಜಿನ ಮೇಲಿಟ್ಟರು. ಅವಳು ಚೀಟಿ ಓದಿದಳು. ಅವರ ತಲೆ ನೋಡಿದಳು. ಪರದೆ ನೋಡಿದಳು. ಕುರ್ಚಿಯಲ್ಲಿ ಕುಸಿದು ಕೂತು, "ಹಾಗಾದರೆ ನಾನು ತೂಗಿದ್ದು ಸರಿಯಾಗಿತ್ತು" ಎಂದಳು.

"ಸರಿಯಾಗಿತ್ತು. ನನಗಿಂತ ಚೆನ್ನಾಗಿ ತೂಗಿದ್ದೆ. ನಾನು ಸುಳ್ಳು ಹೇಳಿದೆ."

"ನನ್ನ ಒಂದೂವರೆ ವರ್ಷ ಸಾರ್!" ಎಂದು ಅವಳು ಅತ್ತಳು. ಈ ಸಲ ಸಂತೋಷಕ್ಕಲ್ಲ. ಮೇಷ್ಟ್ರು ಅಲ್ಲಾಡದೆ ನಿಂತರು, ಸಮಾಧಾನ ಹೇಳುವ ಹಕ್ಕು ತಮಗಿಲ್ಲವೆಂದು.

ಮೇಡಂ ಎಲ್ಲ ಕೇಳಿಸಿಕೊಂಡು ಹಣೆಯ ಮೇಲೆ ಕೈಯಿಟ್ಟು ಕೂತರು. "ಎಷ್ಟು ದಿನದಿಂದ ಹಚ್ತಾ ಇದ್ದೀರಿ?"

"ಎರಡು ವರ್ಷ ನಾಲ್ಕು ತಿಂಗಳು."

"ಯಾಕ್ರೀ? ನಿಮಗ್ಯಾಕೆ ಬೇಕಿತ್ತು?"

ಇನ್ನು ಮುಚ್ಚಿಟ್ಟು ಏನು ಉಪಯೋಗ? ಅತಿಥಿಯ ಕಥೆ ಹೇಳಿದರು. ತಂದೆ ಎಂದದ್ದನ್ನೂ ಹೇಳಿದರು. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು, ಒರೆಸಿಕೊಳ್ಳುತ್ತಲೇ ಇದ್ದರು, ಮತ್ತೆ ನೋಡಿದರೆ ಅದು ನಗುವಾಗಿರಲಿಲ್ಲ. "ನಾನೂ ಆ ಹುಡುಗಿಯನ್ನ ನಂಬಲಿಲ್ಲವಲ್ಲ" ಎಂದರು. ಅಚ್ಚುಕರಡನ್ನು ವಾಪಸು ಕಳಿಸಿ, ಲೇಖನ ಹಿಂದಕ್ಕೆ ಪಡೆದರು. ಆ ಎರಡು ವರ್ಷ ನಾಲ್ಕು ತಿಂಗಳಲ್ಲಿ ಯಾರ್ಯಾರ ಕಲ್ಲು ಮೇಷ್ಟ್ರು ತೂಗಿದ್ದರೋ ಅವರಿಗೆಲ್ಲ ಪತ್ರ ಹೋಗಬೇಕಿತ್ತು. ಎಂಟು ಪತ್ರ. ಎಂಟನ್ನೂ ಮೇಷ್ಟ್ರೇ ಕೂತು ಬರೆದರು. ಎಂಟರಲ್ಲೂ ತಲೆ, ಬಣ್ಣ, ನವೆ, ಬೆರಳು ಎಲ್ಲ ಬಿಡದೆ ಬರೆದರು.

ಮನೆಯಲ್ಲಿ ಹೆಂಡತಿ, "ಬಣ್ಣ ಅಂತ ನನಗೆ ಮೊದಲನೇ ವಾರವೇ ಗೊತ್ತು. ನೀವಾಗಿ ಹೇಳಲಿ ಅಂತ ಎರಡು ವರ್ಷ ಕಾದೆ" ಎಂದಳು. ಫೈಲನ್ನು ಮಾತ್ರ ಬೀರುವಿಗೆ ವಾಪಸು ಇಡದೆ ಮೇಜಿನ ಮೇಲೇ ಬಿಟ್ಟಳು.

ಅಕ್ಕನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು.

"ಹೆಸರು ಬರಲ್ಲ ಅಕ್ಕ."

"ಅಳಿಸಿಬಿಟ್ರಾ ಪಾಪಿಗಳು?"

"ನಾನೇ ಅಳಿಸಿದೆ. ತಲೆಗೆ ಬಣ್ಣ ಹಚ್ಚಿದ್ದೆ, ಅದು ಕಲ್ಲಿಗೆ ಸೇರಿಹೋಯ್ತು."

ಅಕ್ಕ, "ಬೀದಿಗೆಲ್ಲ ಹೇಳಿ ಬಂದಿದ್ದೀನಲ್ಲೋ. ಈಗ ಎಲ್ಲರ ಮನೆಗೂ ಇನ್ನೊಂದು ಸುತ್ತು ಹೋಗ್ಬೇಕು, ಮಂಡಿ ನೋವು ಬೇರೆ" ಎಂದಳು.

ಇಪ್ಪತ್ತೆರಡು ಕಲ್ಲುಗಳನ್ನೂ ಹುಡುಗಿಯೇ ಮತ್ತೆ ತೂಗಿದಳು. ತಲೆ ಬೋಳಿಸಿಕೊಂಡಿದ್ದ ಮೇಷ್ಟ್ರು ತೂಕದ ಕೋಣೆಯ ಹೊರಗೆ ನಿಂತು ಡಬ್ಬಿ ತೊಳೆದುಕೊಟ್ಟರು, ಮೊದಲ ದಿನ ಕೆಲಸಕ್ಕೆ ಬಂದಾಗಿನಂತೆ. ಏಳು ತಿಂಗಳು ಹಿಡಿಯಿತು. ಗೆರೆ ಮಾಯವಾಯಿತು. ಆ ಜ್ವಾಲಾಮುಖಿಯ ಲಾವಾ ಎಲ್ಲ ಕಡೆಯಂತೆ ಸಾಮಾನ್ಯ ಮ್ಯಾಂಟಲಿನಿಂದಲೇ ಬಂದದ್ದು, ವಿಶೇಷವೇನಿಲ್ಲ. ಹುಡುಗಿ ಅದನ್ನೇ ಬರೆದು ಪ್ರಬಂಧ ಒಪ್ಪಿಸಿದಳು. ಕೊನೆಯ ಅಧ್ಯಾಯದಲ್ಲಿ ನಡೆದದ್ದನ್ನೂ ಬರೆದಳು, ಯಾರ ಹೆಸರೂ ಹೇಳದೆ.

ಮೌಖಿಕ ಪರೀಕ್ಷೆಗೆ ಪರೀಕ್ಷಕರಾಗಿ ಬಂದವರು ಬೇರೆ ಯಾರೂ ಅಲ್ಲ, ಹಿಂದೆ ಬೇರೆ ಜ್ವಾಲಾಮುಖಿಯಲ್ಲಿ ಗೆರೆ ಕಂಡುಹಿಡಿದಿದ್ದ ಅದೇ ದೊಡ್ಡ ಪ್ರೊಫೆಸರು. ಮೇಷ್ಟ್ರು ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತಿದ್ದರು. ತಮ್ಮಿಂದಾಗಿ ಹುಡುಗಿ ಫೇಲಾದರೆ ಏನು ಗತಿ ಎಂಬುದೇ ಚಿಂತೆ. ಎರಡು ಸಲ ಫೇಲಾದವರಿಗೆ ಅದರ ರುಚಿ ಗೊತ್ತು.

ಪ್ರೊಫೆಸರು ಶುರುವಿನಿಂದಲೂ ಬಿಗಿಯಾಗಿದ್ದರು. "ಒಮ್ಮೆ ಗೆರೆ ಇದೆ ಅಂದ್ರಿ, ಆಮೇಲೆ ಇಲ್ಲ ಅಂದ್ರಿ. ನನ್ನ ಗೆರೆಯನ್ನೂ ಜನ ಅನುಮಾನದಿಂದ ನೋಡೋ ಹಾಗಾಯ್ತು. ನನ್ನ ಕಲ್ಲನ್ನ ಇವತ್ತಿಗೂ ನಾನೇ ತೂಗ್ತೀನಮ್ಮ, ಇನ್ನೊಬ್ಬರ ಕೈಗೆ ಕೊಡಲ್ಲ. ನಿಮ್ಮ ಪ್ರಯೋಗಾಲಯದ ಲೆಕ್ಕವನ್ನ ನಾನು ಯಾಕೆ ನಂಬಬೇಕು?"

ಹುಡುಗಿ ತಡವರಿಸಲಿಲ್ಲ. "ನಮ್ಮಲ್ಲಿ ತಪ್ಪು ಮಾಡಿದವರು ತಾವೇ ಬಂದು ಹೇಳ್ತಾರೆ ಸಾರ್. ಹೇಳದೆ ಇದ್ದಿದ್ರೆ ಅವರ ಹೆಸರು ಲೇಖನದಲ್ಲಿ ಇರ್ತಿತ್ತು. ಅದಕ್ಕೇ ನಂಬಿ ಅಂತೀನಿ."

ಮೇಷ್ಟ್ರು ಕಣ್ಣೊರೆಸಿಕೊಳ್ಳಲು ಕರವಸ್ತ್ರ ಹುಡುಕುತ್ತಿರುವಾಗಲೇ ಪ್ರೊಫೆಸರು, "ಯಾರವರು?" ಎಂದರು. ಎಲ್ಲರ ಕತ್ತೂ ಹಿಂದಕ್ಕೆ ತಿರುಗಿತು. ಬೆಳ್ಳಗಿನ ಕುರುಚಲು ತಲೆಯ ಮೇಷ್ಟ್ರು ಎದ್ದು ನಿಂತರು. ಯಾರೋ ಕಿಸಕ್ಕೆಂದರು.

"ನಿಮ್ಮ ಖಾಲಿ ಡಬ್ಬಿ ಶುದ್ಧವಾಗಿತ್ತು ಅಂತ ಬರೆದಿದೆ. ಅದು ಹೇಗೆ ಸಾಧ್ಯ?"

"ಖಾಲಿ ಡಬ್ಬಿಗೆ ಪುಡಿ ತೂಗಲ್ಲವಲ್ಲ ಸಾರ್. ತೂಗುವಾಗ ಪುಡಿ ಹಾರುತ್ತೆ. ಹಾರಿದಾಗ ನಾನು ತಲೆ ಕೆರ್ಕೊಳ್ತಿದ್ದೆ. ನನಗೇ ಗೊತ್ತಾಗದ ಹಾಗೆ."

ಸಭೆ ಗೊಳ್ಳೆಂದು ನಕ್ಕಿತು. ಪ್ರೊಫೆಸರು ನಗಲಿಲ್ಲ. ಬರೆಯುತ್ತಿದ್ದ ಪೆನ್ನು ಅಲ್ಲೇ ನಿಂತಿತು. ಅವರು ಮೇಷ್ಟ್ರಿಗಿಂತ ಹತ್ತು ವರ್ಷವಾದರೂ ದೊಡ್ಡವರು, ಆದರೆ ತಲೆಯಲ್ಲಿ ಒಂದೇ ಒಂದು ಬಿಳಿ ಕೂದಲಿರಲಿಲ್ಲ. ಮತ್ತೆ ಪ್ರಶ್ನೆ ಕೇಳದೆ ಕಾಗದಕ್ಕೆ ಸಹಿ ಹಾಕಿದರು. ಹುಡು‍ಗಿ ಪಾಸಾದಳು.

ಎಲ್ಲರೂ ಅವಳನ್ನು ಸುತ್ತುವರಿದಾಗ ಮೇಷ್ಟ್ರು ಹೊರಗಿನ ಪಡಸಾಲೆಗೆ ಬಂದು ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದರು. ಪಕ್ಕದಲ್ಲಿ ಯಾರೋ ಬಂದು ನಿಂತಂತಾಯಿತು. ಪ್ರೊಫೆಸರು. ಆಚೆ ಈಚೆ ನೋಡಿ, ದನಿ ತಗ್ಗಿಸಿ ಕೇಳಿದರು:

"ಆ ಬಣ್ಣ... ಯಾವುದು ಅದು? ನೀರಿನ ಹಾಗಿರುತ್ತಾ?"

"ಹೌದು ಸಾರ್. ದಿನಾ ನಾಲ್ಕು ಹನಿ."

ಪ್ರೊಫೆಸರು ನಲ್ಲಿಯ ಕಟ್ಟೆಗೆ ಒರಗಿಕೊಂಡರು. "ಹನ್ನೊಂದು ವರ್ಷ ಆಯ್ತು" ಎಂದರು.

ಮೇಷ್ಟ್ರಿಗೆ ನಗು ಬರಬೇಕಿತ್ತು. ಬರಲಿಲ್ಲ. ತಾನು ಎಂಟು ಪತ್ರ ಬರೆದವನು, ಈ ಮನುಷ್ಯ ಎಷ್ಟು ಬರೆಯಬೇಕೋ ಎಂದುಕೊಂಡರು. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅವರ ಭುಜದ ಮೇಲಿಟ್ಟರು.

"ನಾಲ್ಕು ಕೂದಲು ಕೊಡಿ ಸಾರ್, ಅಳೆದು ನೋಡೋಣ, ಅದಲ್ಲದೆಯೂ ಇರಬಹುದು. ಅದೇ ಆಗಿದ್ರೆ ಮೊದಲು ಮನೇಲಿ ಹೇಳಿ. ಅವರಿಗೆ ಹೇಗೂ ಗೊತ್ತಿರುತ್ತೆ. ಆಮೇಲೆ ಪತ್ರ ಬರೆಯೋದು. ನನ್ನ ಹತ್ತಿರ ನಮೂನೆ ಇದೆ, ನಾನೂ ಜೊತೆಗೆ ಕೂರ್ತೀನಿ."

ದೊಡ್ಡ ಪ್ರೊಫೆಸರು ಹರಿಯುತ್ತಿದ್ದ ನಲ್ಲಿಯನ್ನು ನಿಲ್ಲಿಸಿದರು. ಆಮೇಲೆ ಮೆಲ್ಲಗೆ ತಲೆ ಬಗ್ಗಿಸಿದರು, ಮೇಷ್ಟ್ರು ಕೀಳಲಿ ಎಂದು.